ಕೊಟ್ಟವಳ ಹೆಸರು

"ಗುರುಗಳೇ, ಒಬ್ಬರಿಗೆ ಮಾಡಿದ ತಪ್ಪನ್ನು ಮುಚ್ಚಿಟ್ಟು, ಆಮೇಲೆ ಊರಿಗೆಲ್ಲ ಒಳ್ಳೆಯದು ಮಾಡಿದರೆ ಸಾಲದೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದ ಕತೆ ಇದು.

ದೂರದ ಸಮುದ್ರದಲ್ಲಿ ದ್ವೀಪಗಳ ಸಾಲು. ನಾವು ದೀವಿಹಲಸು ಎನ್ನುವ ಹಣ್ಣನ್ನು ಅಲ್ಲಿ ಒಂದು ದ್ವೀಪದವರು ಕುಲು ಎನ್ನುತ್ತಾರೆ, ಇನ್ನೊಂದರವರು ಕುರು, ಇನ್ನೂ ಆಚೆ ಹೋದರೆ ಉಲು. ಬಾಯಿಂದ ಬಾಯಿಗೆ ಕೊಂಚ ಸವೆದಿದೆ, ಅಷ್ಟೆ; ಹೆಸರು ಒಂದೇ. ಆ ಮರಕ್ಕೆ ಬೀಜವಿಲ್ಲ. ಬೇರಿನಿಂದ ಎದ್ದ ಸಸಿಯನ್ನು ಯಾರಾದರೂ ದೋಣಿಯಲ್ಲಿ ಒಯ್ದರೆ ಮಾತ್ರ ಇನ್ನೊಂದು ದಡ ಸೇರುತ್ತದೆ. ಅದಕ್ಕೇ ಅಲ್ಲೊಂದು ಕಟ್ಟಳೆ. ಸಸಿ ನೆಡುವಾಗ ಮೊದಲು ಹಣ್ಣಿನ ಹೆಸರು ಹೇಳಬೇಕು, ಆಮೇಲೆ ಕೊಟ್ಟವಳ ಹೆಸರು. ಹಣ್ಣಿನ ಹೆಸರು ಎಲ್ಲ ಕಡೆಯೂ ಉಂಟು, ಅದನ್ನು ಹಿಡಿದು ಯಾರನ್ನೂ ಹುಡುಕಲಾಗದು. ಕೊಟ್ಟವಳ ಹೆಸರು ಹಿಡಿದು ಹೊರಟರೆ ಕಳೆದುಹೋದ ನಂಟರೂ ಸಿಗುತ್ತಿದ್ದರು.

ಅಂಥದೊಂದು ದ್ವೀಪದಲ್ಲಿ ಅಕ್ಕ ತಂಗಿ ಇದ್ದರು. ಅಕ್ಕನಿಗೆ ಒಬ್ಬ ಅಂಬಿಗನೊಡನೆ ಮದುವೆ ಗೊತ್ತಾಗಿತ್ತು. ಅಕ್ಕ ತಂಗಿ ಚಾಪೆ ಹೆಣೆಯುವುದನ್ನು ನೋಡುವ ನೆಪದಲ್ಲಿ ಅವನು ಮನೆಗೆ ಬರುತ್ತಿದ್ದ. ಅವನ ಕಣ್ಣು ಯಾರ ಮೇಲಿತ್ತು ಎಂಬುದು ಅಕ್ಕನೊಬ್ಬಳನ್ನು ಬಿಟ್ಟು ಊರಿಗೆಲ್ಲ ಗೊತ್ತಿತ್ತು. ಒಂದು ಮುಂಜಾನೆ ತಂಗಿ ಅವನ ದೋಣಿ ಹತ್ತಿದಳು. ಹತ್ತುವ ಮುಂಚೆ ಅಕ್ಕನ ಅಂಗಳದಿಂದ ಒಂದು ಸಸಿಯನ್ನೂ ಕಿತ್ತುಕೊಂಡಳು. ಹೋದಲ್ಲಿ ಸಂಸಾರ ಹೂಡಬೇಡವೇ?

"ಗಂಡನಾಗುವವನನ್ನು ಒಯ್ದದ್ದು ಸಾಲದು ಅಂತ ಗಿಡವನ್ನೂ ಬಿಡಲಿಲ್ಲ ನೋಡ್ರೇ!" ಎಂದು ದಡದ ಹೆಂಗಸರು ಬಾಯಿ ಚಪ್ಪರಿಸಿಕೊಂಡು ಆಡಿಕೊಂಡರು.

ಅವರು ಸೇರಿದ ದ್ವೀಪದವರು ಹಣ್ಣಿನ ಹೆಸರು ಕೇಳಿದ್ದರೇ ಹೊರತು ಮರ ಕಂಡವರಲ್ಲ. ನೆಡುವ ದಿನ ಊರು ನೆರೆಯಿತು. ತಂಗಿ ಹಣ್ಣಿನ ಹೆಸರನ್ನು ಗಟ್ಟಿಯಾಗಿ ಹೇಳಿದಳು. ಊರ ಹಿರಿಯ, "ಕೊಟ್ಟವರು ಯಾರಮ್ಮ?" ಎಂದ. ಅಕ್ಕನ ಹೆಸರು ನಾಲಿಗೆಯವರೆಗೆ ಬಂತು. ಹೇಳಿದರೆ ನಾಳೆ ಯಾರಾದರೂ ಹೋಗಿ ವಿಚಾರಿಸುತ್ತಾರೆ, ಎಲ್ಲ ಹೊರಬೀಳುತ್ತದೆ.

"ಯಾರೂ ಕೊಡಲಿಲ್ಲ. ಬೇರು ಸಮೇತ ಕಡಲಲ್ಲಿ ತೇಲುತ್ತಿತ್ತು, ಎತ್ತಿಕೊಂಡೆ" ಎಂದುಬಿಟ್ಟಳು.

ಮರ ಚೆನ್ನಾಗಿ ಬಂತು. ಸಸಿ ಕೇಳಿ ಬಂದ ಯಾರನ್ನೂ ಅವಳು ಬರಿಗೈಯಲ್ಲಿ ಕಳಿಸಲಿಲ್ಲ. ಆದರೆ ತನ್ನ ಹೆಸರು ಹೇಳಗೊಡಲಿಲ್ಲ. ಅದು ದಡದಿಂದ ದಡಕ್ಕೆ ಹಾಯ್ದು ಅಕ್ಕನ ಕಿವಿಗೆ ಬಿದ್ದರೆ? "ಕಡಲು ಕೊಟ್ಟಿತು ಅನ್ನಿ" ಎನ್ನುತ್ತಿದ್ದಳು. ಎಂಥ ನಿಗರ್ವಿ ಎಂದು ಜನ ಕೊಂಡಾಡಿದರು. ಮೀನು ಸಿಗದ ದಿನಗಳಲ್ಲಿ ಸುತ್ತಲಿನ ದ್ವೀಪಗಳು ಆ ಹಣ್ಣನ್ನೇ ಸುಟ್ಟು ತಿಂದು ಬದುಕಿದವು. ಅವಳು ಮಾತ್ರ ಅದನ್ನು ಮುಟ್ಟುತ್ತಿರಲಿಲ್ಲ.

ತಲೆ ನರೆಯಿತು. ಅಂಬಿಗನೂ ತೀರಿಹೋದ. ಒಮ್ಮೆ ಪಕ್ಕದ ದ್ವೀಪದ ಮೀನುಗಾರನೊಬ್ಬ ಬಂದು ಕೂತು ಹೇಳಿದ:

"ನಮ್ಮಲ್ಲಿಗೆ ಹೋದ ವರ್ಷ ಒಬ್ಬಳು ಮುದುಕಿ ಬಂದಿದ್ದಳಮ್ಮ. ಮರದಿಂದ ಮರಕ್ಕೆ ಹೋಗಿ, ಕೊಟ್ಟವಳು ಯಾರು, ಕೊಟ್ಟವಳು ಯಾರು ಎಂದು ಒಂದೇ ಸಮ ಕೇಳಿದಳು. ಕಡಲು ಕೊಟ್ಟದ್ದು ಅಂತ ಊರೆಲ್ಲ ಹೇಳಿದ ಮೇಲೆ ದೋಣಿ ತಿರುಗಿಸಿದಳು."

"ಯಾಕಂತೆ? ಸಿಕ್ಕರೆ ಬೈಯುವುದಕ್ಕೋ?"

"ನಾನೂ ಹಾಗೇ ಅಂದುಕೊಂಡೆ. ಅವಳು ಹೇಳಿದ್ದೇ ಬೇರೆ. 'ನನ್ನ ತಂಗಿ ಕೇಳದೆ ಒಯ್ದಳಪ್ಪ. ಹೇಳುವುದಕ್ಕೆ ಹೆಸರಿಲ್ಲದೆ ಒದ್ದಾಡುತ್ತಿರುತ್ತಾಳೆ. ನಾನೇ ಕೊಟ್ಟೆ ಅಂತ ಹೇಳಿ ಹೋಗೋಣ ಅಂತ ಬಂದೆ' ಅಂದಳು. ಊರು ಮುಟ್ಟುವ ಮೊದಲೇ ತೀರಿಕೊಂಡಳಂತೆ, ಪಾಪ. ಆ ತಂಗಿ ಯಾವ ಮೂಲೆಯಲ್ಲಿದ್ದಾಳೋ."

ಅವನು ಹೋದ ಮೇಲೆ ತಂಗಿ ಮರದ ಬುಡಕ್ಕೆ ಹೋದಳು. ಕೊಟ್ಟವಳು ಇವಳು ಎಂದು ಅಕ್ಕನ ಹೆಸರನ್ನು ಬಾಯಿಬಿಟ್ಟು ಹೇಳಿದಳು. ಆಡುತ್ತಿದ್ದ ಮೊಮ್ಮಕ್ಕಳು ಕಿಸಕ್ಕನೆ ನಕ್ಕವು. "ಏನಜ್ಜೀ, ಇದು ಕಡಲು ಕೊಟ್ಟದ್ದು. ನೀನೇ ಹೇಳಿಕೊಟ್ಟು ನೀನೇ ಮರೆತೆಯಾ?"

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಬಿಡಲಿಲ್ಲ. "ಆದರೂ ಅಷ್ಟು ದ್ವೀಪಗಳ ಹೊಟ್ಟೆ ತುಂಬಿಸಿದಳಲ್ಲ, ಅದು ಸಾಲದೇ?"

"ಹೊಟ್ಟೆಗೆ ಸಾಕು, ಮಗು. ಆದರೆ ಅಕ್ಕ ಅಷ್ಟು ದೂರ ಬಂದದ್ದು ಊಟಕ್ಕಲ್ಲ."