ಕೋಳಿ ಕೂಗಿದ ಕ್ಯಾಸೆಟ್ಟು

"ತಪ್ಪನ್ನು ಸಹಿಸಿಕೊಂಡು ಯಾರಾದರೂ ಒಂದು ಮೇಳವನ್ನು ಮೇಲೆ ತಂದದ್ದುಂಟೇ, ಗುರುಗಳೇ?" ಎಂದು ಶಿಷ್ಯ ಕೇಳಿದ.

ಮಠದ ಭಜನಾ ಮೇಳದ ಹೊಣೆ ಅವನ ಕೈಗೆ ಬಂದು ತಿಂಗಳಾಗಿತ್ತು. ಮೂವತ್ತು ವರ್ಷದಿಂದ ಹಾಡುತ್ತಿದ್ದ ದುಂಡಪ್ಪಜ್ಜನ ದನಿ ಈಚೆಗೆ ನಡುಗುತ್ತಿತ್ತು. ನಾಳೆಯಿಂದ ಬರಬೇಡಿ ಎಂದು ಅಂದು ಬೆಳಿಗ್ಗೆಯಷ್ಟೇ ಶಿಷ್ಯ ಅವರಿಗೆ ಹೇಳಿದ್ದ. ಅಜ್ಜ ತಮ್ಮ ತಾಳಗಳನ್ನು ಅಲ್ಲೇ ಇಟ್ಟು ಹೊರಟುಹೋಗಿದ್ದರು. ಗುರುಗಳು ಅದನ್ನು ನೋಡಿದ್ದರು.

"ಇಲ್ಲಪ್ಪ, ನೀನು ದೊಡ್ಡವನು, ನೀನು ಹೇಳಿದ್ದೇ ಸರಿ. ತಪ್ಪನ್ನು ಸಹಿಸದೆ ಮೇಲೆ ಬಂದವನೊಬ್ಬನ ಕತೆ ಹೇಳುತ್ತೇನೆ, ಕೂತುಕೋ," ಎಂದರು.

ಒಬ್ಬ ಕ್ಯಾಸೆಟ್ಟಿನ ವ್ಯಾಪಾರಿ ಇದ್ದ. ಶುರುವಿನಲ್ಲಿ ಅವನಿಗಿದ್ದದ್ದು ಒಂದು ಸೈಕಲ್ಲು, ಒಂದು ಟೇಪ್ ರೆಕಾರ್ಡರು, ಹಾಡು ಬಲ್ಲ ಹೆಂಡತಿ. ಅವನನ್ನು ನಂಬಿ ಹಾಡಲು ಬೇರೆ ಯಾರೂ ಬರಲಿಲ್ಲ. ಮೊದಲ ಕ್ಯಾಸೆಟ್ಟಿಗೆ ಅವಳೇ ಬೀಸುವ ಪದ ಹಾಡಿದಳು. ಕಲ್ಲು ತಿರುಗಿಸದಿದ್ದರೆ ಪದ ನೆನಪಾಗುವುದಿಲ್ಲ ಎಂದಳು. ಹಾಗಾಗಿ ನಸುಕಿನಲ್ಲಿ ಜೋಳ ಬೀಸುತ್ತ ಹಾಡಿದಳು, ಅವನು ಪಕ್ಕದಲ್ಲಿ ಕೂತು ರೆಕಾರ್ಡ್ ಮಾಡಿಕೊಂಡ. ನಡುವೆ ಹಿತ್ತಿಲಲ್ಲಿ ಕೋಳಿ ಕೂಗಿತು.

ಅಂಗಡಿಯವರು ಕೇಳಿ ನಕ್ಕರು. ಇದು ಹಾಡಿನ ಕ್ಯಾಸೆಟ್ಟೋ ಕೋಳಿಯ ಕ್ಯಾಸೆಟ್ಟೋ ಎಂದರು. ಅವನಿಗೆ ತಲೆ ಎತ್ತಲಾಗದಷ್ಟು ಅವಮಾನವಾಯಿತು. ಊರೂರು ತಿರುಗಿ ಕ್ಯಾಸೆಟ್ಟುಗಳನ್ನು ವಾಪಸು ತಂದು ಒಂದೊಂದನ್ನೇ ಅಳಿಸಿದ. ಮೂಲ ಟೇಪನ್ನೂ ಅಳಿಸಿದ. ಅಷ್ಟರಲ್ಲಿ ಯಾರ್ಯಾರ ಮನೆಗೋ ಮಾರಿಹೋಗಿದ್ದ ಏಳು ಕ್ಯಾಸೆಟ್ಟು ಮಾತ್ರ ಸಿಗಲಿಲ್ಲ.

ಅಂದಿನಿಂದ ಅವನದು ಒಂದೇ ನೇಮ. ತಪ್ಪಿದ ಹಾಡು ಸಂಜೆಯ ಮೇಲೆ ಉಳಿಯಕೂಡದು. ಯಾರನ್ನೂ ಬಯ್ಯುತ್ತಿರಲಿಲ್ಲ. 'ಇನ್ನೊಮ್ಮೆ' ಎನ್ನುತ್ತಿದ್ದ, ಅಷ್ಟೆ. ಬೇಕಾದರೆ ನಲವತ್ತು ಸಲ ಎನ್ನುತ್ತಿದ್ದ. ಬಾಗಿಲು ಹಾಕುವ ಮೊದಲು ಆ ದಿನದ ತಪ್ಪುಗಳನ್ನೆಲ್ಲ ಅಳಿಸುವುದು ಅವನ ಕೆಲಸಗಾರನ ಪಾಲಿನದು. ವ್ಯಾಪಾರ ಎರಡು ಸಲ ಮುಳುಗಿತು, ಎರಡು ಸಲವೂ ಹಟ ಹಿಡಿದು ಎದ್ದ. ಹದಿನೈದು ವರ್ಷಕ್ಕೆ ಅವನ ಹಾಡು ಹಾಕದ ಬಸ್ಸಾಗಲಿ ಹೋಟೆಲಾಗಲಿ ಆ ಸೀಮೆಯಲ್ಲಿ ಇರಲಿಲ್ಲ. ಹೆಸರುವಾಸಿ ಗಾಯಕರು ತಾವಾಗಿ ಬಂದರು. ಹೆಂಡತಿ ಅಡುಗೆಮನೆಯಲ್ಲಿ ಹಾಡಿಕೊಂಡಳು.

ಆಮೇಲೆ ಅವಳಿಗೆ ಎದೆಯ ಕಾಯಿಲೆ ಬಂತು. ಒಂದು ಮಧ್ಯಾಹ್ನ ಸ್ವಲ್ಪ ಹುಷಾರಾದಂತಿತ್ತು, ಹಾಡಬೇಕೆನ್ನಿಸುತ್ತಿದೆ ಎಂದಳು. ಸ್ಟುಡಿಯೋಗೆ ಕರೆದೊಯ್ದ. ಅಲ್ಲಿ ಬೀಸುವ ಕಲ್ಲೆಲ್ಲಿ ಬರಬೇಕು? ಮೊಣಕಾಲ ಮೇಲೆ ಕೈಯನ್ನು ಸುತ್ತಿಸುತ್ತ ಅದೇ ಮೊದಲ ಪದ ಹಾಡಿದಳು. ಮೂರು ಸಲ ಕೆಮ್ಮು ಬಂತು. ಹಾಡು ಮುಗಿದಾಗ ಅವನ ಬಾಯಿಗೆ ಅಭ್ಯಾಸದ ಮಾತೇ ಬಂತು, 'ಇನ್ನೊಮ್ಮೆ.'

'ಇವತ್ತಿಗೆ ಸಾಕ್ರಿ, ನಾಳೆ ಹಾಡತೀನಿ,' ಎಂದು ಅವಳು ನಕ್ಕಳು.

ಮರುದಿನ ಅವಳಿಗೆ ಏಳಲಾಗಲಿಲ್ಲ. ಒಂಬತ್ತನೆಯ ದಿನ ತೀರಿಕೊಂಡಳು.

ಮಣ್ಣು ಮಾಡಿದ ಮಾರನೆಯ ದಿನ ಅವನು ಸ್ಟುಡಿಯೋಗೆ ಓಡಿ ಆ ಟೇಪು ಕೊಡು ಎಂದ.

'ಅದರಾಗ ಕೆಮ್ಮಿತ್ತಲ್ರಿ, ಧಣ್ಯಾರ. ಅವತ್ತ ಸಂಜಿಗೇ ಅಳಿಸೀನ್ರಿ,' ಎಂದ ಕೆಲಸಗಾರ.

ಆ ಕೆಲಸಗಾರ ಹದಿನೈದು ವರ್ಷದಲ್ಲಿ ಒಂದು ದಿನವೂ ನೇಮ ತಪ್ಪಿದವನಲ್ಲ. ವ್ಯಾಪಾರಿ ಅಳಿಸಿದ ಟೇಪನ್ನೇ ಹಾಕಿಕೊಂಡು ಕೂತ. ಸುಂಯ್ ಎನ್ನುವ ಸದ್ದು ಬಿಟ್ಟರೆ ಅದರಲ್ಲಿ ಏನೂ ಇರಲಿಲ್ಲ. ಸಾವಿರಾರು ಹಾಡು ಮಾಡಿದವನ ಹತ್ತಿರ ಅವಳ ಒಂದು ಸಾಲೂ ಇರಲಿಲ್ಲ. ಅದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಈಗ ಅವನು ಮತ್ತೆ ಊರೂರು ತಿರುಗುತ್ತಾನೆ. ಹಟ ಬಿಡುವ ಜಾಯಮಾನವಲ್ಲವಲ್ಲ. ಕಂಡ ಮನೆಯ ಬಾಗಿಲಲ್ಲಿ ನಿಂತು, ನಡುವೆ ಕೋಳಿ ಕೂಗುವ ಹಳೆಯ ಕ್ಯಾಸೆಟ್ಟು ನಿಮ್ಮಲ್ಲಿದೆಯೇ ಎಂದು ಕೇಳುತ್ತಾನೆ. ತಲೆ ಕೆಟ್ಟಿದೆ ಎಂದು ಜನ ಬಾಗಿಲು ಹಾಕಿಕೊಳ್ಳುತ್ತಾರೆ.

ಗುರುಗಳು ಕತೆ ನಿಲ್ಲಿಸಿದರು.

"ಕಡೆಗೆ ಸಿಕ್ಕಿತೇ, ಗುರುಗಳೇ?"

ಗುರುಗಳು ಅಜ್ಜನ ತಾಳಗಳನ್ನು ಅವನ ಮುಂದಕ್ಕೆ ಸರಿಸಿದರು.

"ಅವನಿಗೆ ಆ ಕ್ಯಾಸೆಟ್ಟಿರುವ ಮನೆ ಯಾವುದೆಂದು ಇನ್ನೂ ಗೊತ್ತಾಗಿಲ್ಲ, ದುಂಡಪ್ಪನ ಮನೆ ನಿನಗೆ ಗೊತ್ತಲ್ಲ."