ಗೋಮಾಳದ ಮೊದಲ ಮನೆ

ನೆಲ್ಲಿಕೋಟೆಯ ಪಾಳೆಯಗಾರ ಚಿಕ್ಕರಂಗಪ್ಪ ನಾಯಕ ಒಂದು ಬೆಳಿಗ್ಗೆ ದರ್ಬಾರಿನಲ್ಲಿ ಕೂತವನೇ, ವರ್ಷದೊಳಗೆ ಕೋಟೆಯಾಚೆ ನೂರು ಮನೆ ಕಟ್ಟಿಸಿ ಆ ಪೇಟೆಗೆ ತನ್ನ ಹೆಸರಿಡುವುದಾಗಿ ಸಾರಿದ. ಸಭೆ ತಲೆದೂಗಿತು. ತಲೆದೂಗುವುದಕ್ಕೇ ಅಲ್ಲವೆ ಸಂಬಳ.

ಈ ಯೋಚನೆಯನ್ನು ನಾಯಕನ ತಲೆಗೆ ತುಂಬಿದವನು ಅರಮನೆಯ ಕಟ್ಟಡಗಳ ಪಾರುಪತ್ಯಗಾರ ಮುದ್ದರಾಜಯ್ಯ. ಕೋಟೆಯೊಳಗೆ ಅಧಿಕಾರಿಗಳಿಗೆ ಕಾಲು ಚಾಚಲು ಜಾಗವಿಲ್ಲ, ಆಚೆ ಮಾವಿನಕೆರೆ ಹಳ್ಳಿಯ ಗೋಮಾಳವೋ ಸುಮ್ಮನೆ ಹಸಿರಾಗಿ ಬಿದ್ದಿದೆ ಎಂದು ಅವನ ವಾದ.

ಮೂಲೆಯಲ್ಲಿ ಕಡತ ಬಿಚ್ಚಿ ಕೂತಿದ್ದ ಕರಣಿಕ ಮಂಚಣ್ಣ ತಲೆ ತುರಿಸಿಕೊಂಡ. ದರ್ಬಾರಿಗೆ ಬಂದ ಬಿನ್ನಹವನ್ನೂ ಅದಕ್ಕೆ ಸಿಕ್ಕ ಉತ್ತರವನ್ನೂ ಬರೆದಿಡುವುದು ಅವನ ಕೆಲಸ. ಅದಕ್ಕೊಂದು ಕಟ್ಟಳೆಯಿತ್ತು. ಒಂದೇ ಬಿನ್ನಹಕ್ಕೆ ಒಬ್ಬರಿಗೊಂದು, ಇನ್ನೊಬ್ಬರಿಗೊಂದು ಉತ್ತರ ಕೊಟ್ಟರೆ ಅರಮನೆಗೂ ಸಂತೆಗೂ ವ್ಯತ್ಯಾಸವಿರುವುದಿಲ್ಲ ಎಂದು ನಾಯಕನ ಅಜ್ಜ ಗೋಡೆಯ ಮೇಲೇ ಕೆತ್ತಿಸಿದ್ದ.

ಮರುದಿನವೇ ಮಾವಿನಕೆರೆಯ ಸಣ್ಣೀರಮ್ಮ ಹಳ್ಳಿಯ ಪರವಾಗಿ ಬಂದಳು. ನಲವತ್ತು ಹಸುಗಳ ಒಡತಿ. ಹಸುಗಳಿಗೆ ಆ ಹುಲ್ಲೊಂದೇ ಗತಿ. ಉತ್ತರ ಕೊಡಲು ನಿಂತವನು ಮುದ್ದರಾಜಯ್ಯ.

"ಹುಲ್ಲು ಹೋದರೆ ಹಸ ಏನು ತಿನ್ನಬೇಕು ಬುದ್ಧಿ?" ಎಂದಳು.

"ಗೋಡೆ ಪಕ್ಕದಲ್ಲೂ ಹುಲ್ಲು ಹುಟ್ಟುತ್ತದೆ. ಒಂದೇ ಸಾಲಿನಲ್ಲಿ ನಿಂತು ಮೇಯಲು ಕಲಿಸು."

ಸಾಲುಸಾಲು ಮನೆಯೆದ್ದರೆ ಊರಿಗೆ ಬೀಸುವ ಗಾಳಿ ನಿಲ್ಲುತ್ತದಲ್ಲ ಎಂದು ಕೇಳಿದಳು. ಗಾಳಿ ಯಾರಪ್ಪನ ಆಸ್ತಿಯೂ ಅಲ್ಲ, ಸೆಕೆಯಾದರೆ ಬೀಸಣಿಗೆ ಹಿಡಿ ಎಂದ. ಕಲ್ಲು ಒಡೆಯುವ ಸದ್ದಿಗೆ ಹಸು ಬೆದರುತ್ತದಲ್ಲ ಎಂದಳು. ಕಿವಿಗೆ ಹತ್ತಿ ಇಡು ಎಂದ. ಯಾರ ಕಿವಿಗೆ ಎಂದು ಮಾತ್ರ ಹೇಳಲಿಲ್ಲ.

"ಆನೆಯಿಲ್ಲದ ಆನೆಲಾಯ ಊರಗಲ ಕೋಟೆಯೊಳಗೇ ಹಾಳುಬಿದ್ದದೆ. ಅಲ್ಲಿ ಕಟ್ಟಬಾರದಾ ಬುದ್ಧಿ?"

"ಆನೆ ಬಂದರೂ ಬರಬಹುದು," ಎಂದ ಮುದ್ದರಾಜಯ್ಯ. ಕೊನೆಯ ಆನೆ ಸತ್ತು ಅರವತ್ತು ವರ್ಷವಾಗಿತ್ತು.

ಮಂಚಣ್ಣ ಒಂದಕ್ಷರ ಬಿಡದೆ ಎಲ್ಲವನ್ನೂ ಬರೆದುಕೊಂಡ. ಆಮೇಲೆ ಎದ್ದು, ನೂರು ಮನೆಯಂಥ ಯೋಚನೆ ನೂರು ವರ್ಷಕ್ಕೊಮ್ಮೆ ಹುಟ್ಟುತ್ತದೆ ಎಂದು ಹೊಗಳಿದ. ಸಣ್ಣೀರಮ್ಮ ಅವನನ್ನು ಸುಡುವಂತೆ ನೋಡಿದಳು.

"ಒಂದೇ ಅರಿಕೆ, ಪ್ರಭು," ಎಂದ. "ದೊಡ್ಡವರೊಬ್ಬರು ಮೊದಲು ಹೋಗಿ ನೆಲೆಸದೆ ಕೋಟೆ ಬಿಡಲು ಯಾರಿಗೂ ಧೈರ್ಯ ಬರುವುದಿಲ್ಲ. ಮೊದಲ ಮನೆಯನ್ನು, ಗೋಮಾಳದ ನಟ್ಟನಡುವೆ, ಪಾರುಪತ್ಯಗಾರರಿಗೇ ಕಟ್ಟಿಸಿಕೊಡಿ. ಅವರು ಆರು ತಿಂಗಳು ಬಾಳಿ ತೋರಿಸಲಿ. ಉಳಿದ ತೊಂಬತ್ತೊಂಬತ್ತು ಆಮೇಲೆ."

ಮುದ್ದರಾಜಯ್ಯನ ಎದೆ ಎರಡಂಗುಲ ಉಬ್ಬಿತು. ನಾಯಕ ಒಪ್ಪಿದ.

ಹೊರಗೆ ಸಣ್ಣೀರಮ್ಮ ಕರಣಿಕನನ್ನು ಅಡ್ಡಗಟ್ಟಿ, ನೀನು ಉಣ್ಣುವ ಮಜ್ಜಿಗೆ ಯಾವ ಹುಲ್ಲಿನದು ಎಂದು ಕೇಳಿದಳು. "ನಿನ್ನ ಹುಲ್ಲಿನದೇ, ಅಕ್ಕ," ಎಂದ ಮಂಚಣ್ಣ. "ಒಂದು ಮನೆ ಏಳಲಿ, ತಾಳು. ಅವರು ಮನೆ ಹೊಕ್ಕ ದಿನ ಒಂದು ಗಡಿಗೆ ಗಟ್ಟಿ ಮೊಸರು ಕಳಿಸು."

ಮನೆ ಎದ್ದಿತು. ಮೊಸರೂ ಹೋಯಿತು. ಮುದ್ದರಾಜಯ್ಯ ಸಂಜೆ ಜಗಲಿಯಲ್ಲಿ ಕೂತರೆ ಕೆರೆಯ ಮೇಲಿಂದ ತಂಪುಗಾಳಿ. ಎದುರಿಗೆ ಬೆಟ್ಟದವರೆಗೆ ಹಸಿರೇ ಹಸಿರು. ಹದಿನೈದು ವರ್ಷದ ಗೂರಲು ಕೆಮ್ಮು ಹೇಳದೆ ಕೇಳದೆ ಹೊರಟುಹೋಯಿತು. ಹೆಂಡತಿ ಮದುವೆಯಾದ ವರ್ಷದಂತೆ ಮಾತಾಡತೊಡಗಿದಳು. ಎರಡು ಹಸು ಕಟ್ಟಿ, ಅವನ್ನು ಹೆಸರು ಹಿಡಿದು ಕರೆಯುವ ಮಟ್ಟಕ್ಕೂ ಬಂದ.

ಆರು ತಿಂಗಳು ತುಂಬಿದ ಮರುದಿನ ಅವನ ಜಗಲಿಯೆದುರು ಹತ್ತು ಮಾರು ದೂರದಲ್ಲಿ ಯಾರೋ ಸುಣ್ಣದ ಗೆರೆ ಎಳೆಯುತ್ತಿದ್ದರು. ವಿಚಾರಿಸಿದರೆ, ಬೊಕ್ಕಸದ ಅಧಿಕಾರಿಯ ಮನೆಯಂತೆ. ಎರಡಂತಸ್ತಂತೆ.

ಮುದ್ದರಾಜಯ್ಯ ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ದರ್ಬಾರಿಗೆ ಓಡಿಬಂದ. ತನ್ನ ಬಿನ್ನಹ ಬರೆದುಕೊಳ್ಳಬೇಕೆಂದ.

"ಶ್ರಮ ಬೇಡ," ಎಂದ ಮಂಚಣ್ಣ. "ಬರೆದೇ ಇದೆ. ಹೆಸರೊಂದು ಬದಲಾಯಿಸಿದರೆ ಆಯಿತು." ಕಡತ ಬಿಚ್ಚಿ ಓದಿದ: ಹುಲ್ಲು ಹೋದರೆ ಹಸು ಏನು ತಿನ್ನಬೇಕು, ಗಾಳಿ ನಿಲ್ಲುತ್ತದೆ, ಕಲ್ಲಿನ ಸದ್ದಿಗೆ ಹಸು ಬೆದರುತ್ತದೆ.

"ಅದೇ! ನನ್ನ ಮನಸ್ಸಿನಲ್ಲಿದ್ದದ್ದೇ ಅದು," ಎಂದ ಮುದ್ದರಾಜಯ್ಯ. "ಯಾರೋ ತಿಳಿದವರು ಬರೆಸಿದ್ದಾರೆ."

"ಮಾವಿನಕೆರೆಯ ಸಣ್ಣೀರಮ್ಮ. ಉತ್ತರವೂ ಇದೆ. ಒಂದೇ ಬಿನ್ನಹಕ್ಕೆ ಒಂದೇ ಉತ್ತರ ತಾನೆ?" ಎಂದು ಮಂಚಣ್ಣ ಗಂಟು ಬಿಚ್ಚಿ ಒಂದು ಬೀಸಣಿಗೆಯನ್ನೂ ಎರಡು ಉಂಡೆ ಹತ್ತಿಯನ್ನೂ ಅವನ ಮುಂದಿಟ್ಟ. "ಸಾಲಿನಲ್ಲಿ ಮೇಯುವುದನ್ನು ಮಾತ್ರ ತಾವೇ ಕಲಿಸಬೇಕು."

ನಾಯಕ ನಗು ತಡೆಯಲು ಮೀಸೆ ಕಚ್ಚಿದ. ಮುದ್ದರಾಜಯ್ಯ ಬೀಸಣಿಗೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. ಆಮೇಲೆ ತಗ್ಗಿದ ದನಿಯಲ್ಲಿ, ಆ ಉತ್ತರಗಳೆಲ್ಲ ತನ್ನ ದಡ್ಡತನ, ಕಡತದಿಂದ ಹೊಡೆದುಹಾಕಬೇಕು ಎಂದ. ಗೋಮಾಳ ಇದ್ದ ಹಾಗೇ ಇರಲಿ ಎಂದ.

"ಹಾಗಾದರೆ ನನ್ನ ನೂರು ಮನೆ?" ಎಂದ ನಾಯಕ. "ಹತ್ತೂರಿಗೆ ಸಾರಿಬಿಟ್ಟಿದ್ದೇನೆ."

"ಆನೆಲಾಯವಿದೆಯಲ್ಲ, ಪ್ರಭು," ಎಂದ ಮುದ್ದರಾಜಯ್ಯ. "ಇನ್ನು ಆನೆ ಎಲ್ಲಿಂದ ಬಂದೀತು?"

ನಾಯಕ ತೊಡೆ ತಟ್ಟಿ ನಕ್ಕು, ಆನೆಲಾಯದಲ್ಲೇ ತೊಂಬತ್ತೊಂಬತ್ತು ಮನೆಗೆ ಅಪ್ಪಣೆ ಕೊಟ್ಟ. ಸಣ್ಣೀರಮ್ಮನನ್ನು ಕರೆಸಿ, ಗೋಮಾಳ ಹಳ್ಳಿಯದೇ ಎಂದು ಅವಳೆದುರೇ ಕಡತದಲ್ಲಿ ಬರೆಸಿದ. ಮಂಚಣ್ಣನಿಗೆ ಜರಿಯಂಚಿನ ಶಾಲು ಹೊದಿಸುತ್ತ, ಹುಲ್ಲಿನ ನಡುವೆ ಎದ್ದಿರುವ ಆ ಒಂದು ಮನೆಯನ್ನೂ ಕೆಡವಿಸಿಬಿಡೋಣವೇ ಎಂದು ಕೇಳಿದ. ಸಣ್ಣೀರಮ್ಮ ಹೂಂ ಎನ್ನಲು ಬಾಯಿ ತೆರೆದಿದ್ದಳು.

"ಬೇಡ, ಪ್ರಭು," ಎಂದ ಮಂಚಣ್ಣ. "ನಾಳೆ ಇನ್ನೊಬ್ಬರು ಸುಣ್ಣದ ಬುಟ್ಟಿ ಹಿಡಿದು ಬಂದರೆ ಓಡಿಸಲು ಗೋಮಾಳಕ್ಕೊಬ್ಬ ಕಾವಲುಗಾರ ಬೇಡವೇ? ಅಲ್ಲಿ ಸ್ವಂತ ಮನೆಯಿಲ್ಲದ ಕಾವಲುಗಾರ ನಿದ್ದೆ ಮಾಡಿಯಾನು. ಪಾರುಪತ್ಯಗಾರರು ಮಾಡುವುದಿಲ್ಲ."