ಬೀದಿಗೆ ಹಾಕಿದ ಒಗ್ಗರಣೆ

ಒಗ್ಗರಣೆ ಸೌಟು ಚಟಪಟ ಎಂದರೆ ಸಾಕು, ಕಿಟಕಿಯಾಚೆಯ ಬೀದಿಯೆಲ್ಲ ಮೂಗರಳಿಸಿ "ಆಹಾ, ಎಂಥ ಸಾರು!" ಎನ್ನುತ್ತಿತ್ತು. ಆ ಮಾತು ಕೇಳದಿದ್ದರೆ ಸೌಟಿಗೆ ಮೊಳೆಯಲ್ಲಿ ನೇತಾಡುವುದೂ ಕಷ್ಟ. ಒಂದು ದಿನ ಬೇಳೆ ಬೇಯುವ ಮೊದಲೇ ಅದು ಒಲೆಯೇರಿತು.

"ತಡಿ ಮಾರಾಯ್ತಿ, ನನ್ನಲ್ಲಿ ಇನ್ನೂ ಬರೀ ನೀರಿದೆ," ಎಂದಿತು ಸಾರಿನ ಪಾತ್ರೆ.

"ನೀರೋ ಸಾರೋ, ಬೀದಿಗೆ ಕಾಣುತ್ತದೆಯೇ? ಬೇಳೆ ಬೇಯುವಷ್ಟರಲ್ಲಿ ಬೀದಿ ನನ್ನನ್ನು ಮರೆತರೆ?"

ಸೌಟು ಸಿಡಿಯಿತು, ಬೀದಿ ಹೊಗಳಿತು. ಇನ್ನೊಮ್ಮೆ ಸಿಡಿಯಿತು, ಮತ್ತೊಮ್ಮೆ ಸಿಡಿಯಿತು. ಕೊನೆಗೆ ಬೇಳೆ ಬೆಂದು ಪಾತ್ರೆ ಕರೆದಾಗ ಸೌಟಿನಲ್ಲಿ ಉಳಿದದ್ದು ಸೀದ ಸಾಸಿವೆ ಮಾತ್ರ. ಮನೆಯವರು ಒಗ್ಗರಣೆಯಿಲ್ಲದ ಸಪ್ಪೆ ಸಾರನ್ನೇ ಉಂಡೆದ್ದರು.

ಮುಸುರೆ ಪಾತ್ರೆಗಳ ನಡುವೆ ಕರ್ರಗೆ ಬಿದ್ದಿದ್ದ ಸೌಟನ್ನು ಸಾರಿನ ಪಾತ್ರೆ ಕೇಳಿತು, "ಯಾರಿಗಾಗಿ ಸುಟ್ಟುಕೊಂಡೆ?"

"ಅದಿರಲಿ," ಎಂದಿತು ಸೌಟು, "ಕಿಟಕಿ ತೆರೆದಿದೆ ತಾನೆ?"